ಅವನು ಹೇಳಿದ್ದು, ನಾನು ಬರೆದದ್ದು

ಸ್ವಯಂಸೇವಕಿ ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ದಾವಣಗೆರೆಯ ಆ ಕಾಲೇಜಿನಲ್ಲಿ ಮೂರು ವರ್ಷ ಓದಿದೆ. ಅಷ್ಟೂ ದಿನ ನನ್ನ ಭುಜದ ಹತ್ತಿರ ಒಂದು ಬಿಲ್ಲೆ ಚುಚ್ಚಿಕೊಂಡೇ ಇರುತ್ತಿತ್ತು, ಅದರ ಮೇಲೆ ಕೆಂಪು ಅಕ್ಷರದಲ್ಲಿ ಅದೇ ಪದ. ಆ ಬಿಲ್ಲೆ ಹಾಕಿಕೊಂಡು ಮಾಡಿದ ಕೆಲಸಗಳಲ್ಲಿ ಯಾರೂ ಹೇಳದೆ, ನನ್ನಷ್ಟಕ್ಕೆ ನಾನೇ ಮಾಡಿದ್ದು ಒಂದೇ ಒಂದು. ಅದನ್ನು ಮಾಡದಿದ್ದರೆ ಚೆನ್ನಾಗಿತ್ತು.

ಕಾಲೇಜಿನಲ್ಲಿ ಡಿಗ್ರಿ, ಎಂ.ಎ. ಎರಡೂ ಇದ್ದವು. ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಅಂತ ಒಂದು ವ್ಯವಸ್ಥೆ ಮಾಡಿದ್ದರು. ಕ್ಲಾಸು ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ ಲೈಬ್ರರಿಯಲ್ಲೋ ಲ್ಯಾಬಿನಲ್ಲೋ ಆಫೀಸಿನಲ್ಲೋ ಕೆಲಸ ಮಾಡಬೇಕು, ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ನನಗೆ ಲೈಬ್ರರಿ ಸಿಕ್ಕಿತ್ತು. ಬಂದ ಪುಸ್ತಕಕ್ಕೆ ಮುದ್ರೆ ಒತ್ತುವುದು, ವಾಪಸ್ ಬಂದದ್ದನ್ನು ಕಪಾಟಿಗೆ ಸೇರಿಸುವುದು, ಧೂಳು ಹೊಡೆಯುವುದು. ಕೆಲಸವೇನೋ ಹಗುರವೇ. ಆದರೆ ಅದಿಲ್ಲದಿದ್ದರೆ ನನ್ನ ಡಿಗ್ರಿ ಇಲ್ಲ. ನಮ್ಮಪ್ಪ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ನಿನ ಮುಂದೆ ನಿಲ್ಲುವವನು. ಪಿ.ಯು.ಸಿ. ಫಲಿತಾಂಶ ಬಂದ ದಿನವೇ ಹೇಳಿಬಿಟ್ಟಿದ್ದ, "ಇಲ್ಲಿಗಂಟ ನಂದು. ಮುಂದೆ ಓದ್ತೀನಿ ಅಂದ್ರೆ ಓದವ್ವಾ, ಬ್ಯಾಡ ಅನ್ನಲ್ಲ. ಆದ್ರೆ ನನ್ನ ಕೇಳಬ್ಯಾಡ." ಅವನು ಕೆಟ್ಟವನಲ್ಲ. ಹೇಳಿದ ಮಾತು ಮಾತ್ರ ಒಂದೇ ಸಲ ಹೇಳುವವನು.

ಈ ಸಂಬಳದ ಕೆಲಸಕ್ಕೆ ಒಂದು ಬಾಲ ಇತ್ತು. ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಯಾರಿಗೆ ಸಂಬಳದ ಕೆಲಸ ಕೊಟ್ಟಿದ್ದಾರೋ ಅವರೇ ಪುಕ್ಕಟೆ ಕೆಲಸವನ್ನೂ ಮಾಡಬೇಕು. ಅದಕ್ಕೆ ಸೇವೆ ಎಂದು ಹೆಸರು. ಇದೆಲ್ಲದರ ಉಸ್ತುವಾರಿ ಇತಿಹಾಸದ ಮೇಷ್ಟ್ರದ್ದು. ಸದಾ ಇಸ್ತ್ರಿ ಹಾಕಿದ ತುಂಬುತೋಳಿನ ಅಂಗಿ, ಸದಾ ನಗುಮುಖ. ಆ ನಗು ಕಂಡರೆ ನಮಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು, ಏಕೆಂದರೆ ನಕ್ಕರೆ ಏನೋ ಕೆಲಸ ಬಂತು ಎಂದೇ ಲೆಕ್ಕ.

ಯಾವನೋ ಅತಿಥಿ ಬರುತ್ತಾನೆ ಎಂದರೆ ನಾವು ಹುಡುಗಿಯರು ಬೆಳಿಗ್ಗೆ ಏಳಕ್ಕೇ ಸೀರೆ ಸುತ್ತಿಕೊಂಡು ಬಾಗಿಲ ಹತ್ತಿರ ಪನ್ನೀರು ಹಿಡಿದು ನಿಲ್ಲಬೇಕು. ಆತ ಬರುವುದು ಹನ್ನೊಂದೂವರೆಗೆ. ಕೊಂಡಜ್ಜಿ ಕೆರೆ ದಂಡೆಯಲ್ಲಿ ಕಳೆ ಕೀಳುವ ಶಿಬಿರವಂತೆ. ಮೂವತ್ತು ಜನಕ್ಕೆ ಆರು ಹೊಸ ಗುದ್ದಲಿ, ಅವುಗಳ ಹಿಡಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಫೋಟೋ ತೆಗೆದರು, ಉಪ್ಪಿಟ್ಟು ಕೊಟ್ಟರು, ಕಳೆ ಅಲ್ಲೇ ಇತ್ತು. ಒಮ್ಮೆಯಂತೂ ಎಂ.ಸಿ.ಸಿ. ಬಡಾವಣೆಯಲ್ಲಿ ಮೇಷ್ಟ್ರ ಸ್ವಂತ ಮನೆಯ ಗೃಹಪ್ರವೇಶಕ್ಕೆ ಬಡಿಸಲು ಕರೆದರು. "ಎಲ್ರೂ ಬಿಲ್ಲೆ ಹಾಕ್ಕೊಂಡು ಬರ್ರವ್ವಾ, ಶಿಸ್ತು ಕಾಣ್ತದೆ" ಎಂದರು. ನಾನು ಬಿಲ್ಲೆ ಹಾಕಿಕೊಂಡೇ ಅವರ ನೆಂಟರಿಗೆ ಕೋಸಂಬರಿ ಬಡಿಸಿದೆ. ಹೋಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮುಂದಿನ ವರ್ಷದ ಲೈಬ್ರರಿ ಪಟ್ಟಿಗೆ ಸಹಿ ಹಾಕುವವರು ಅವರೇ.

ಎರಡನೇ ವರ್ಷ ಶುರುವಾದಾಗ ಮೇಷ್ಟ್ರು ಹಾಗೇ ನಗುತ್ತ ಲೈಬ್ರರಿಗೆ ಬಂದರು. ಅವರ ಹಿಂದೆ ಒಬ್ಬಾತ ಮಡಚುವ ಕೋಲು ಹಿಡಿದು ನಿಂತಿದ್ದ. ಎಂ.ಎ. ಇತಿಹಾಸಕ್ಕೆ ಹೊಸದಾಗಿ ಸೇರಿದವನು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಊರಂಚಿನ ಆವರಗೆರೆಯಿಂದ ದಿನಾ ಒಬ್ಬನೇ ಬಂದು ಹೋಗುತ್ತಾನೆ ಎಂದರು. ಅಚ್ಚಾದ ಪುಸ್ತಕವಾದರೆ ಅವನ ಫೋನೇ ಓದಿ ಹೇಳುತ್ತಿತ್ತು. ಆದರೆ ಮೇಷ್ಟ್ರ ನೋಟ್ಸು ಅಚ್ಚಾದದ್ದಲ್ಲ, ಅವರ ಕೈಬರಹದ ಜೆರಾಕ್ಸು. ಅದನ್ನು ಯಾವ ಫೋನಿನ ಅಪ್ಪನೂ ಓದಲಾರ. ದಿನಾ ಒಂದು ಗಂಟೆ ನಾನು ಅವನಿಗೆ ಓದಿ ಹೇಳಬೇಕು. ಲೈಬ್ರರಿಯ ಎರಡು ಗಂಟೆಯ ಮೇಲೆ ಇದೊಂದು ಗಂಟೆ, ಸೇವೆಯ ಲೆಕ್ಕದಲ್ಲಿ.

"ಏನು ಓದ್ತೀಯವ್ವಾ ನೀನು?" ಎಂದ ಅವನು, ಕುರ್ಚಿ ತಡಕಿ ಕೂರುತ್ತ.

"ಬಿ.ಎಸ್ಸಿ. ಅಣ್ಣಾ. ಕೆಮಿಸ್ಟ್ರಿ."

"ಒಳ್ಳೇದಾತು. ಹಿಸ್ಟರಿ ಗೊತ್ತಿಲ್ಲಲ್ಲ? ಹಂಗೇ ಇರು. ಬಾಯಿ ಅಷ್ಟ ಉಪಯೋಗಿಸು ತಂಗಿ, ತಲಿ ಬ್ಯಾಡ."

ಅಲ್ಲಿಗೆ ನನಗೂ ಅವನಿಗೂ ಎಣ್ಣೆ ಸೀಗೆಕಾಯಿ. ಕಣ್ಣು ಕಾಣದವರು ಎಂದರೆ ಮೆತ್ತಗೆ ಮಾತಾಡುತ್ತಾರೆ, ಉಪಕಾರ ನೆನೆಯುತ್ತಾರೆ ಎಂದೆಲ್ಲ ನಾನು ಅಂದುಕೊಂಡಿದ್ದೆ. ಇವನು ಒಂದು ದಿನ ಥ್ಯಾಂಕ್ಸ್ ಅಂದವನಲ್ಲ. ನಾನು ಓದುತ್ತ ಒಂದು ಸಾಲು ಹಾರಿಸಿದರೆ ಮೇಜು ತಟ್ಟುತ್ತಿದ್ದ. "ನುಂಗಿದಿ. ಕಕ್ಕು." ಆಕಳಿಸಿದರೆ "ಮನಿಗೆ ಹೋಗಿ ಮಕ್ಕೊ" ಎನ್ನುತ್ತಿದ್ದ. ನನ್ನ ಓದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಮತ್ತೆ ಕೇಳುತ್ತಿದ್ದ. ಮರುದಿನ ಬಂದು, ನಿನ್ನೆ ಇಂಥ ಕಡೆ ನಿನ್ನ ದನಿಯಲ್ಲಿ ಅನುಮಾನ ಇತ್ತು, ಅಕ್ಷರ ತಿಳಿಯದೆ ಊಹಿಸಿ ಓದಿದ್ದೀಯ, ಮತ್ತೆ ನೋಡು ಎನ್ನುತ್ತಿದ್ದ. ನೋಡಿದರೆ ಹಾಗೇ ಆಗಿರುತ್ತಿತ್ತು. ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಅವನ ಜಗಳ ನನ್ನೊಬ್ಬಳ ಜೊತೆಗಲ್ಲ, ನೋಟ್ಸಿನ ಜೊತೆಗೂ. ದಾವಣಗೆರೆಯ ಹತ್ತಿ ಗಿರಣಿಗಳ ಮೇಲೆ ಒಂದು ಪಾಠ ಇತ್ತು. ಗಿರಣಿಗಳು ಮುಚ್ಚಲು ಆರು ಕಾರಣ ಎಂದು ಮೇಷ್ಟ್ರು ಬರೆದಿದ್ದರು, ಮೊದಲನೆಯದು ಕಾರ್ಮಿಕರ ಮುಷ್ಕರ. ನಾನು ಅದನ್ನು ಓದಿದಾಗಲೆಲ್ಲ ಅವನು ಮುಖ ಸಿಂಡರಿಸುತ್ತಿದ್ದ. ಅವನ ಅಜ್ಜಿ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. ಗಿರಣಿ ನಿಂತ ಮೇಲೆ ಮಂಡಕ್ಕಿ ಭಟ್ಟಿಯ ಬಿಸಿಗೆ ಹೋಗಿ ಜೀವ ಸವೆಸಿದವಳು.

"ಇದನ್ನು ಬರ್ದೋರು ಯಾರು, ಗಿರಣಿ ಮಾಲಕ್ರಾ?" ಎನ್ನುತ್ತಿದ್ದ. "ಮಷಿನ್ ಹಳೇವಾದ್ರೂ ಹೊಸಾವು ತರ್ಲಿಲ್ಲ, ಬಂದ ಲಾಭ ಬ್ಯಾರೆ ಕಡೆ ಹಾಕಿದ್ರು. ಮುಚ್ತಾರೆ ಅಂತ ಗೊತ್ತಾದ ಮ್ಯಾಲೆ ನಮ್ಮಜ್ಜಿ ಅಂಥೋರು ಗೇಟಿಗೆ ಕುಂತರು. ಮುಂದಿಂದು ಹಿಂದೆ ಮಾಡ್ಯಾರೆ."

"ಪರೀಕ್ಷೆಗೆ ಇದ್ದದ್ದನ್ನು ಬರೆದರಾಯಿತಲ್ಲಣ್ಣಾ" ಎಂದೆ ಒಂದು ದಿನ.

"ಇದ್ದದ್ದನ್ನೇ ಬರೀತೀನಿ" ಎಂದ.

ಅವನಿಗೆ ಏನು ಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅವನು ಮೇಷ್ಟ್ರಾಗಬೇಕು ಎಂದುಕೊಂಡಿದ್ದ. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯವರೆಗೆ ಅವನು ಪಾಸಾದಾಗಲೆಲ್ಲ ಊರಿನವರು, ಜೊತೆಯವರು, ಕೊನೆಗೆ ನೆಂಟರು ಕೂಡ ಒಂದೇ ಮಾತು ಆಡಿದ್ದರು. ನಿನಗೇನಪ್ಪಾ, ಬರೆಯೋರು ಬರೀತಾರೆ, ನೀನು ಪಾಸಾಗ್ತೀಯ. ಎಂ.ಎ.ಯಲ್ಲಿ ತನ್ನ ತಲೆಯಿಂದ ಬಂದ ಉತ್ತರಕ್ಕೆ ತನ್ನ ಅಂಕ ಬರಬೇಕು, ಆಗ ಎಲ್ಲರ ಬಾಯಿಗೆ ಮಣ್ಣು ಹಾಕುತ್ತೇನೆ ಎನ್ನುತ್ತಿದ್ದ. ನಲವತ್ತು ಬಂದರೂ ಸೈ, ನನ್ನದಾಗಿರಬೇಕು ಎನ್ನುತ್ತಿದ್ದ. ಈ ಒಂದು ವಿಷಯ ಹೇಳುವಾಗ ಮಾತ್ರ ಅವನ ಬಾಯಲ್ಲಿ ಕುಹಕ ಇರುತ್ತಿರಲಿಲ್ಲ.

ಪರೀಕ್ಷೆ ಬಂತು. ಅವನು ಹೇಳುವುದನ್ನು ಬರೆಯಲು ಒಬ್ಬ ಬರಹಗಾರ ಬೇಕು. ನಿಯಮದ ಪ್ರಕಾರ ಬರಹಗಾರ ಅವನಿಗಿಂತ ಕೆಳಗಿನ ತರಗತಿಯವನಾಗಿರಬೇಕು, ಬೇರೆ ವಿಷಯದವನಾಗಿರಬೇಕು. ಉತ್ತರ ಗೊತ್ತಿರಬಾರದು ಎಂಬುದೇ ಅದರ ಅರ್ಥ. ಮೇಷ್ಟ್ರು ನನ್ನ ಹೆಸರು ಬರೆದರು. ಡಿಗ್ರಿಯವಳು, ಕೆಮಿಸ್ಟ್ರಿಯವಳು, ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆರು ತಿಂಗಳು ಅದೇ ನೋಟ್ಸನ್ನು ಗಟ್ಟಿಯಾಗಿ ಓದಿ ಓದಿ ನನಗೆ ಬಾಯಿಪಾಠವಾಗಿದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ಅವನೊಬ್ಬನನ್ನು ಬಿಟ್ಟು.

"ಸಾರ್, ಈಕಿ ಬ್ಯಾಡ್ರಿ" ಎಂದ ನನ್ನೆದುರಿಗೇ. "ಈಕಿಗೆ ಎಲ್ಲಾ ಗೊತ್ತೈತೆ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೊತ್ತಿದ್ರೆ ಒಳ್ಳೇದಲ್ಲೇನೋ? ಅದೃಷ್ಟ ಮಾಡೀಯ."

"ನನಗೆ ಏನೂ ಗೊತ್ತಿಲ್ದೋರು ಬೇಕ್ರಿ ಸಾರ್."

"ಎಲ್ಲಿಂದ ತರ್ಲಿ? ಸುಮ್ನ ಕೂಡು. ಪುಕ್ಕಟೆ ಬರ್ಕೊಡ್ತಾಳೆ, ಅದಕ್ಕೂ ಒಂದು ತಕರಾರು."

ನನಗೆ ಅವಮಾನವಾಯಿತು. ಬಿಸಿಲಲ್ಲಿ ಓಡಾಡಿ, ನನ್ನ ಓದು ಬಿಟ್ಟು, ಇವನಿಗೆ ಓದಿ ಹೇಳಿದ್ದಕ್ಕೆ ಈ ಮರ್ಯಾದೆ. ಆಯಿತು, ನೋಡೋಣ ಎಂದು ಹಲ್ಲು ಕಚ್ಚಿದೆ.

ಪರೀಕ್ಷೆಗೆ ನಮಗೆ ಕೊಟ್ಟದ್ದು ಲ್ಯಾಬಿನ ಪಕ್ಕದ ಸಣ್ಣ ಕೋಣೆ. ಒಡೆದ ಗಾಜಿನ ಸಾಮಾನು, ಕಾಲು ಮುರಿದ ಸ್ಟೂಲು, ನಡುವೆ ಒಂದು ಮೇಜು. ಕಾವಲಿಗೆ ಬಂದ ಮೇಡಂ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬೇರೆ ಯಾವುದೋ ಪತ್ರಿಕೆ ತಿದ್ದುತ್ತಿದ್ದರು. ಒಂದು ಸಲವೂ ತಲೆ ಎತ್ತಲಿಲ್ಲ. ನಾನು ಪ್ರಶ್ನೆ ಓದುತ್ತಿದ್ದೆ, ಅವನು ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಮೊದಲ ಎರಡು ಉತ್ತರ ಅಕ್ಷರ ಬಿಡದೆ ಬರೆದೆ. ಮೂರನೆಯ ಪ್ರಶ್ನೆ ಗಿರಣಿಗಳದ್ದು.

ಅವನು ನೆಟ್ಟಗೆ ಕುಳಿತ. ಬರೆಯಲು ಹೇಳುವಾಗ ಅವನ ಭಾಷೆಯೇ ಬೇರೆಯಾಗುತ್ತಿತ್ತು, ಆವರಗೆರೆ ಎಲ್ಲೋ ಹಿಂದೆ ಉಳಿಯುತ್ತಿತ್ತು. "ಮುಷ್ಕರದಿಂದ ಗಿರಣಿಗಳು ಮುಚ್ಚಿದವು ಎಂಬುದು ತಪ್ಪು. ಗಿರಣಿಗಳು ಮುಚ್ಚಲಿವೆ ಎಂದು ತಿಳಿದ ಮೇಲೆ ಮುಷ್ಕರವಾಯಿತು" ಎಂದು ಶುರು ಮಾಡಿದ.

ನನ್ನ ಪೆನ್ನು ನಿಂತಿತು. ನಮ್ಮದು ಸ್ವಾಯತ್ತ ಕಾಲೇಜು, ಈ ಪತ್ರಿಕೆ ತಿದ್ದುವವರು ಇದೇ ಮೇಷ್ಟ್ರು. ಅವರ ನೋಟ್ಸನ್ನು ಮೊದಲ ಸಾಲಿನಲ್ಲೇ ತಪ್ಪು ಎನ್ನುತ್ತಿದ್ದಾನೆ. ಹದಿನೈದು ಅಂಕದ ಪ್ರಶ್ನೆ. ಸೊನ್ನೆ ಹಾಕುತ್ತಾರೆ, ಫೇಲಾಗುತ್ತಾನೆ, ಆಮೇಲೆ ಬರಹಗಾರ್ತಿ ಸರಿಯಿರಲಿಲ್ಲ ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳುತ್ತಲೇ ಹೋದ. ನಾನು ಬರೆಯತೊಡಗಿದೆ. ಗಿರಣಿಗಳ ಅವನತಿಗೆ ಆರು ಕಾರಣಗಳು. ಒಂದು, ಕಾರ್ಮಿಕರ ಮುಷ್ಕರ. ಎರಡು, ಮೂರು, ನಾಲ್ಕು, ಮೇಷ್ಟ್ರು ಹೇಗೆ ಬರೆದಿದ್ದರೋ ಹಾಗೇ, ಅಡಿಗೆರೆ ಸಮೇತ. ಅವನ ಬಾಯಿ ಒಂದು ಕಡೆ, ನನ್ನ ಕೈ ಒಂದು ಕಡೆ. ಪೆನ್ನಿನ ಸದ್ದು ನಿಲ್ಲದಂತೆ ನೋಡಿಕೊಂಡೆ, ಏಕೆಂದರೆ ಆ ಸದ್ದನ್ನು ಅವನು ಕೇಳುತ್ತಿರುತ್ತಾನೆ ಎಂದು ನನಗೆ ಗೊತ್ತಿತ್ತು.

ಅವನಿಗೆ ಒಳ್ಳೆಯದಾಗಲಿ ಎಂದು ಹಾಗೆ ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ಗೊತ್ತು, ಇವನಿಗೆ ಗೊತ್ತಿಲ್ಲ ಎಂಬ ಕೊಬ್ಬು ಅದು. ಆರು ತಿಂಗಳು ನನ್ನನ್ನು ಬಾಯಿ ಎಂದು ಕರೆದವನಿಗೆ, ನನಗೆ ತಲೆಯೂ ಇದೆ ಎಂದು ತೋರಿಸುವ ಹಟ. ತೋರಿಸಿದ್ದಾದರೂ ಹೇಗೆ? ಅವನಿಗೆ ಕಾಣದ ಹಾಗೆ.

ಉತ್ತರ ಮುಗಿಸಿ ಅವನು ಬೆವರು ಒರೆಸಿಕೊಂಡ. "ಓದು" ಎಂದ.

ಬರೆದದ್ದನ್ನು ಓದಿ ಹೇಳುವುದು ನಮ್ಮ ಪದ್ಧತಿ. ನಾನು ಹಾಳೆ ಎತ್ತಿ ಹಿಡಿದು, ಆರು ಕಾರಣಗಳನ್ನು ನೋಡುತ್ತ, ಅವನು ಹೇಳಿದ್ದನ್ನೇ ಹೇಳಿದೆ. "ಮುಷ್ಕರದಿಂದ ಗಿರಣಿಗಳು ಮುಚ್ಚಿದವು ಎಂಬುದು ತಪ್ಪು." ಎಲ್ಲ ವಾಕ್ಯಗಳೂ ನೆನಪಿದ್ದವು. ಆ ಮಾತುಗಳನ್ನು ಅವನು ಆರು ತಿಂಗಳಿಂದ ನನ್ನೆದುರು ಅರೆಯುತ್ತಲೇ ಬಂದಿದ್ದ. ನಡುವೆ ಒಂದು ಕಡೆ ಉಗುಳು ನುಂಗುವ ನೆಪದಲ್ಲಿ ನಿಂತೆ, ಹಾಳೆ ತಿರುವಿದೆ, ಮತ್ತೆ ಮುಂದುವರಿಸಿದೆ. ಅವನು ಕಿವಿಯನ್ನು ನನ್ನ ಕಡೆ ವಾಲಿಸಿ ಪೂರ್ತಿ ಕೇಳಿದ.

"ಭೇಷ್ ತಂಗಿ" ಎಂದ. ಅವನು ನನಗೆ ಹೇಳಿದ ಒಂದೇ ಒಂದು ಒಳ್ಳೆಯ ಮಾತು ಅದು.

ಅಂಕ ಬಂದಾಗ ಆ ಪತ್ರಿಕೆಯಲ್ಲಿ ಇಡೀ ತರಗತಿಗೆ ಅವನೇ ಮೊದಲು. ಸುದ್ದಿ ನನಗೆ ಲೈಬ್ರರಿಯಲ್ಲಿ ತಿಳಿಯಿತು. ನೋಡಿದೆಯಾ ಎಂದು ಒಳಗೊಳಗೇ ಬೀಗಿದೆ. ಬಂದು ನನಗೆ ಏನೋ ಒಂದು ಹೇಳುತ್ತಾನೆ, ಈ ಸಲವಾದರೂ ಥ್ಯಾಂಕ್ಸ್ ಎನ್ನುತ್ತಾನೆ ಎಂದು ಕಾದೆ. ಆದರೆ ಎಂ.ಎ. ಕ್ಲಾಸಿನಲ್ಲಿ ಅಂದು ನಡೆದದ್ದೇ ಬೇರೆ. ಮೇಷ್ಟ್ರು ಅವನ ಉತ್ತರ ಪತ್ರಿಕೆ ಹಿಡಿದುಕೊಂಡು ಬಂದು, ನೋಟ್ಸು ಹೇಗೆ ಓದಬೇಕು ಎಂದು ಇವನನ್ನು ನೋಡಿ ಕಲಿಯಿರಿ ಎಂದು, ಗಿರಣಿಯ ಉತ್ತರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರಂತೆ. ಆರು ಕಾರಣಗಳನ್ನೂ. ಅವನು ಮುಂದಿನ ಬೆಂಚಿನಲ್ಲಿ ಕೂತು ಕೇಳಿದನಂತೆ. ಕ್ಲಾಸು ಚಪ್ಪಾಳೆ ಹೊಡೆಯಿತಂತೆ.

ಮಧ್ಯಾಹ್ನ ಅವನ ಕೋಲಿನ ಸದ್ದು ಕೇಳಿತು. ನಾನು ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದೆ. ಕೌಂಟರಿನ ಮುಂದೆ ಬಂದು ನಿಂತ.

"ಮೇಡಂ ಅವ್ರು ಅದಾರೇನ್ರಿ?"

"ಅಣ್ಣಾ, ನಾನೇ."

"ಗೊತ್ತೈತ್ರಿ. ನಿಮ್ಮನ್ನೇ ಕೇಳಿದ್ದು."

ಆವತ್ತಿನವರೆಗೆ ನನ್ನನ್ನು ತಂಗಿ, ನೀನು, ಏ ಎಂದೆಲ್ಲ ಕರೆದವನು. ಬಹುವಚನ ಕೇಳಿದ್ದೇ ಮುದ್ರೆ ಒತ್ತುವುದನ್ನು ನಿಲ್ಲಿಸಿದೆ.

"ಮೊದಲನೇ ಕಾರಣ ಮುಷ್ಕರ. ಎರಡನೇದು ಯಾವುದು? ಹೇಳ್ರಿ, ನಿಮಗ ಬಾಯಿಪಾಠ ಐತಲ್ಲ."

ಬಾಯಿಗೆ ಬಂದದ್ದು ಹೇಳಿದೆ, "ನಿಮಗೇ ಹೈಯೆಸ್ಟ್ ಬಂತಲ್ಲಣ್ಣಾ."

"ನನಗೆಲ್ಲಿ ಬಂತು? ನಿಮಗೆ ಬಂತು. ಸೈನ್ಸಿನೋರು ಹಿಸ್ಟರಿಯಾಗ ಫಸ್ಟ್ ಬಂದ್ರಿ."

"ನೀವು ಹೇಳಿದ್ದನ್ನು ಬರೆದಿದ್ದರೆ ಫೇಲ್ ಮಾಡುತ್ತಿದ್ದರು. ಒಳ್ಳೇದು ಮಾಡಿದರೆ ಹಿಂಗ ಮಾತಾಡ್ತೀರಲ್ಲ!" ನನಗೂ ಸಿಟ್ಟು ಬಂತು. ನನ್ನ ದನಿ ಎಷ್ಟು ಏರಿತೆಂದರೆ ಓದುತ್ತಿದ್ದವರು ತಿರುಗಿ ನೋಡಿದರು.

ಅವನು ಕೌಂಟರಿನ ಅಂಚು ಹಿಡಿದುಕೊಂಡ. "ನಾನು ಫೇಲಾಗಿದ್ರೆ ಅದು ನಂದು. ಅದನ್ನೂ ನನಗ ಬಿಡ್ಲಿಲ್ಲ ನೀವು. ಬರ್ಯೋರು ಬರ್ದು ಪಾಸ್ ಮಾಡ್ತಾರೆ ಅಂತ ಎಲ್ರೂ ಅಂತಿದ್ರು, ಇಲ್ಲ ಇಲ್ಲ ಅಂತ ಇಷ್ಟು ವರ್ಷ ಜಗಳಾಡ್ಕಂತ ಬಂದೆ. ಇವತ್ತು ಅದು ಖರೇ ಆತು. ಇನ್ನ ಯಾರ ಹತ್ರ ಜಗಳಾಡ್ಲಿ?"

ನನ್ನ ಉತ್ತರಕ್ಕೂ ಅವನು ಕಾಯಲಿಲ್ಲ.

"ಒಂದು ಹಾಳಿ ತಗೋರಿ. ಪ್ರಿನ್ಸಿಪಾಲರಿಗೆ ಅರ್ಜಿ. ನಾನು ಹೇಳ್ತೀನಿ, ಬರೀರಿ."

"ನಾನಾ?"

"ಮತ್ತ್ಯಾರು? ನನ್ನ ಬರಹಗಾರ್ತಿ ನೀವೇ ಅಲ್ಲೇನ್ರಿ."

ಬರೆಯುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅವನು ಹೇಳಿದ, ನಾನು ಬರೆದೆ. "ನಾನು ಹೇಳಿದ ಉತ್ತರವನ್ನು ಬರೆಯದೆ ಬರಹಗಾರ್ತಿಯು ಬೇರೆ ಉತ್ತರವನ್ನು ಬರೆದಿರುತ್ತಾರೆ. ಓದಿ ಹೇಳಲು ಕೇಳಿದಾಗ, ಬರೆದದ್ದನ್ನು ಮರೆಮಾಚಿ ನಾನು ಹೇಳಿದ್ದನ್ನೇ ಓದಿದಂತೆ ಮಾಡಿರುತ್ತಾರೆ. ಈ ಅಂಕಗಳು ನನ್ನವಲ್ಲ. ಇವುಗಳನ್ನು ರದ್ದು ಮಾಡಿ, ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕು." ನನ್ನ ಮೇಲಿನ ದೂರು, ನನ್ನದೇ ಅಕ್ಷರದಲ್ಲಿ. ಒಂದು ಪದವನ್ನೂ ಬದಲಿಸಲಿಲ್ಲ. ಓದಿ ಹೇಳಲೇ ಎಂದು ಕೇಳಿದೆ.

"ನೀವು ಬ್ಯಾಡ್ರಿ" ಎಂದು ಹಾಳೆಗೆ ಕೈ ಚಾಚಿದ. ಬಾಗಿಲಲ್ಲಿ ಕೂತಿದ್ದ ಅಟೆಂಡರನ ಹತ್ತಿರ ಹೋಗಿ, "ಯಣ್ಣಾ, ಇದನ್ನಷ್ಟು ಓದು" ಎಂದ. ಅಟೆಂಡರ್ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ, ಇಡೀ ಲೈಬ್ರರಿಗೆ ಕೇಳುವ ಹಾಗೆ ಓದಿದ. ನಾನು ಮುದ್ರೆ ಹಿಡಿದುಕೊಂಡೇ ನಿಂತಿದ್ದೆ. ಓದಿ ಮುಗಿದ ಮೇಲೆ ಅವನು ತಲೆಯಾಡಿಸಿ, ಹೆಬ್ಬೆಟ್ಟಿಗೆ ಶಾಯಿ ಬೇಕು ಎಂದ. ನನ್ನ ಮೇಜಿನ ಮೇಲಿದ್ದ ಮುದ್ರೆಯ ಶಾಯಿಯನ್ನೇ ಅಟೆಂಡರ್ ತೆಗೆದುಕೊಂಡು ಹೋದ.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಪ್ರಿನ್ಸಿಪಾಲರು ಹೆಂಗಸು, ಹೆಚ್ಚು ಮಾತಿನವರಲ್ಲ. ಪಕ್ಕದಲ್ಲಿ ಇತಿಹಾಸದ ಮೇಷ್ಟ್ರು. ಅಂದು ಅವರ ಮುಖದಲ್ಲಿ ನಗು ಇರಲಿಲ್ಲ. ಅವನು ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೋಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮಾರ್ಕ್ಸ್ ಕಮ್ಮಿ ಬಂದಾವೆ ಅಂತ ಅರ್ಜಿ ಬರ್ತಾವೆ" ಎಂದರು ಮೇಷ್ಟ್ರು. "ಜಾಸ್ತಿ ಬಂದಾವೆ ಅಂತ ಅರ್ಜಿ ಕೊಟ್ಟೋನ್ನ ನನ್ನ ಸರ್ವೀಸಿನಾಗ ಕಂಡಿಲ್ಲ. ಇದು ಹೊರಗ ಹೋದ್ರೆ ಏನಾಗ್ತದೆ ಗೊತ್ತೇನು? ಬರಹಗಾರ್ತಿ ಅಂತ ಈಕೀನ ಹಾಕಿದ್ದು ನಾನು."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೋಡಮ್ಮಾ, ಇದು ನಿಜ ಅಂದ್ರೆ ಪರೀಕ್ಷೆಯಲ್ಲಿ ನಡೆದ ಅಕ್ರಮ. ನಿನ್ನ ಫಲಿತಾಂಶ ತಡೀತೀವಿ, ಲೈಬ್ರರಿ ಕೆಲಸಾನೂ ಇರಲ್ಲ. ಅವನಿಗೆ ಮರುಪರೀಕ್ಷೆ ಕೊಡ್ತೀವಿ. ನಿಜ ಅಲ್ಲ ಅಂದ್ರೆ ಇಲ್ಲಿಗೇ ಮುಗೀತು. ಹೇಳು. ಅವನು ಹೇಳಿದ್ದನ್ನು ಬರೆದೆಯೋ, ಇಲ್ವೋ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಏನು ಹೇಳಬೇಕೆಂದು ಅವರ ಕಣ್ಣೇ ಹೇಳುತ್ತಿತ್ತು. ಆದರೆ ಅವರ ಮೇಲೆ ಹಾಕಿ ನಾನು ನುಣುಚಿಕೊಳ್ಳುವುದಿಲ್ಲ. ಅವರು ನೋಡದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಅಪ್ಪನ ಮಾತು ನೆನಪಾಯಿತು. ಮನೆಗೆ ಹೋಗಿ ಓದು ನಿಂತಿತು ಎಂದು ಅವ್ವನಿಗೆ ಹೇಳುವುದು ಕಣ್ಣಿಗೆ ಕಟ್ಟಿತು. ನಿನ್ನೆ ಅಷ್ಟು ನಿಯತ್ತಾಗಿ ಅರ್ಜಿ ಬರೆದುಕೊಟ್ಟವಳು ನಾನೇನಾ ಎಂದು ಒಂದು ಕ್ಷಣ ಅನಿಸಿತು.

"ಅವರು ಹೇಳಿದ್ದನ್ನೇ ಬರೆದೆ ಮೇಡಂ" ಎಂದೆ. "ಓದಿಯೂ ಹೇಳಿದೆ. ಅವರು ಸರಿ ಇದೆ ಅಂದರು."

"ಅರ್ಜಿ ನಿನ್ನ ಅಕ್ಷರದಲ್ಲೇ ಇದೆಯಲ್ಲ?"

"ಅದೂ ಅವರು ಹೇಳಿದ್ದೇ ಮೇಡಂ. ನಾನು ಬರೆದುಕೊಟ್ಟೆ ಅಷ್ಟೇ."

ಮೇಷ್ಟ್ರು ಉಸಿರು ಬಿಟ್ಟದ್ದು ಕೇಳಿಸಿತು. ಅವನು ಕೂಗಾಡುತ್ತಾನೆ, ಕೋಲು ನೆಲಕ್ಕೆ ಬಡಿಯುತ್ತಾನೆ, ಎಲ್ಲರ ಮುಂದೆ ನನ್ನ ಮಾನ ತೆಗೆಯುತ್ತಾನೆ ಎಂದು ಕಾದೆ. ಅವನು ಮುಖವನ್ನು ನನ್ನ ಕಡೆ ತಿರುಗಿಸಿದ.

"ಪರೀಕ್ಷೆ ದಿನಾನೂ ಹಿಂಗೇ ಓದಿದ್ರು ಮೇಡಂ" ಎಂದ ಪ್ರಿನ್ಸಿಪಾಲರಿಗೆ. "ದನಿ ಒಂಚೂರೂ ನಡುಗ್ಲಿಲ್ಲ. ಅದಕ್ಕ ನಂಬಿದೆ." ಎದ್ದು, ಕೋಲು ಬಿಚ್ಚಿಕೊಂಡು, ಬಾಗಿಲು ತಡಕಿ ಹೊರಗೆ ಹೋದ. ಯಾರೂ ಅವನಿಗೆ ಬಾಗಿಲು ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ನನಗೆ ಹಾಯೆನಿಸಿತು. ಇದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆ ಹೊತ್ತಿನಲ್ಲಿ ನಾಚಿಕೆಯಾಗಲಿಲ್ಲ, ಹಾಯೆನಿಸಿತು. ಕೆಳಗೆ ಹೋಗಿ ಉಳಿದ ಪುಸ್ತಕಗಳಿಗೆ ಮುದ್ರೆ ಒತ್ತಿದೆ. ಆ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೇಷ್ಟ್ರು ನನ್ನನ್ನು ಅತ್ಯುತ್ತಮ ಸ್ವಯಂಸೇವಕಿ ಎಂದು ಕರೆದು ಪ್ರಮಾಣಪತ್ರ ಕೊಟ್ಟರು. ಹೋಗಿ ತೆಗೆದುಕೊಂಡೆ. ಅವ್ವ ಅದಕ್ಕೆ ಕಟ್ಟು ಹಾಕಿಸಿ ಟಿ.ವಿ. ಮೇಲೆ ನೇತುಹಾಕಿದಳು. ಇವತ್ತಿಗೂ ಅಲ್ಲೇ ಇದೆ. ಬಂದವರಿಗೆಲ್ಲ ಅವಳು ಅದನ್ನು ತೋರಿಸುವಾಗ ನಾನು ಅಡುಗೆಮನೆಗೆ ಹೋಗಿ ಬಿಡುತ್ತೇನೆ.

ಅವನು ಮತ್ತೆ ನನ್ನಿಂದ ಓದಿಸಿಕೊಳ್ಳಲಿಲ್ಲ. ಮುಂದಿನ ಪರೀಕ್ಷೆಗಳಿಗೆ ಆವರಗೆರೆಯಿಂದ ತಾನೇ ಒಬ್ಬಳನ್ನು ಕರೆತಂದ. ಒಂಬತ್ತನೇ ಕ್ಲಾಸಿನ ಹುಡುಗಿ, ಎರಡು ಜಡೆ. ಒಂದೊಂದು ಪದಕ್ಕೂ ಕಾಗುಣಿತ ಕೇಳುತ್ತಿದ್ದಳಂತೆ, ಅವನ ಅರ್ಧ ಸಮಯ ಅದರಲ್ಲೇ ಹೋಗುತ್ತಿತ್ತಂತೆ. ಅಂಕ ಕಡಿಮೆಯಾದವು. ಪಟ್ಟಿಯಲ್ಲಿ ಅವನ ಹೆಸರು ಎಷ್ಟೋ ಕೆಳಗೆ ಹೋಗಿತ್ತು. ಅದನ್ನು ನೋಡಿ ಮೇಷ್ಟ್ರು, "ನೀನು ಇದ್ದಿದ್ರೆ ಚೊಲೋ ಇತ್ತವ್ವಾ" ಎಂದರು. ಅವರ ಮುಖಕ್ಕೆ ಉಗಿಯಬೇಕೆನಿಸಿತು. ಆ ಸಿಟ್ಟು ಅವರ ಮೇಲಿನದಲ್ಲ ಎಂದು ನನಗೂ ಗೊತ್ತಿತ್ತು.

ಡಿಗ್ರಿ ಮುಗಿದು ನಾನು ದಾವಣಗೆರೆಯಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಸೇರಿದೆ. ಕಳೆದ ಬೇಸಿಗೆಯಲ್ಲಿ ಕೆಲಸ ಮುಗಿಸಿ ಹರಿಹರದ ಸರ್ಕಾರಿ ಬಸ್ಸು ಹತ್ತಿದೆ. ಒಂದೇ ಸೀಟು ಖಾಲಿ ಇತ್ತು. ಕೂತ ಮೇಲೆ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಅವನು. ಕೋಲು ತೊಡೆಯ ಮೇಲೆ, ಫೋನು ಕಿವಿಗೆ. ಯಾರಿಗೋ ಬಯ್ಯುತ್ತಿದ್ದ. "ನೋಟ್ಸ್ ಉರು ಹೊಡ್ಕೊಂಡು ಬರಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರೋ? ನಾಳೆ ಕ್ಲಾಸಿನಾಗ ನಿಮ್ದು ಏನೈತೆ ಅದನ್ನ ಹೇಳ್ರಿ." ಎಲ್ಲಿಯೋ ಪಾಠ ಮಾಡುತ್ತಿದ್ದಾನೆ ಎಂದು ತಿಳಿಯಿತು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿ ಎಲ್ಲಿಗೆ ಎಂದು ಹೇಳಿದರೆ ಸಾಕು, ಚೀಟಿ ಕೊಡುತ್ತಾರೆ. ಕಂಡಕ್ಟರ್ ಬಂದ. "ಎಲ್ಲಿಗವ್ವಾ?" ಎಂದ. ಹರಿಹರ ಎನ್ನಬೇಕು. ಆರು ತಿಂಗಳು ನನ್ನ ದನಿಯನ್ನು ಫೋನಿನಲ್ಲಿ ಹಾಕಿ ಹಾಕಿ ಕೇಳಿದವನು ಒಂದು ಮೊಳ ದೂರದಲ್ಲಿ ಕೂತಿದ್ದಾನೆ. ನಾನು ಆಧಾರ್ ಕಾರ್ಡ್ ಚಾಚಿದೆ. "ಎಲ್ಲಿಗೆ ಅಂತ ಹೇಳವ್ವಾ" ಎಂದ ಕಂಡಕ್ಟರ್ ಮತ್ತೆ. ಮುಂದೆ ಕೈ ಮಾಡಿದೆ. "ಮುಂದೆ ಅಂದ್ರೆ ಎಲ್ಲಿ? ಬಾಯಿ ಇಲ್ಲೇನು?" ಎಂದು ರೇಗಿದ. ಜನ ತಿರುಗಿದರು. ಅವನೂ ಫೋನು ಇಳಿಸಿ, ಏನಾಯಿತು ಎಂಬಂತೆ ಕಿವಿಯನ್ನು ಹಿಂದಕ್ಕೆ ವಾಲಿಸಿದ.

ತಪ್ಪಾಯಿತು ಅಣ್ಣಾ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಮತ್ತೆ ಸಿಗುವುದಿಲ್ಲ. ನಾನು ಎದ್ದೆ, ಕಂಬಿ ಬಡಿದು ಬಸ್ಸು ನಿಲ್ಲಿಸಿದೆ, ಒಂದು ಮಾತೂ ಆಡದೆ ಇಳಿದೆ. ಕಂಡಕ್ಟರ್ ಹಿಂದಿನಿಂದ ಏನೋ ಬೈದ. ಹರಿಹರ ಅಲ್ಲಿಂದ ಇನ್ನೂ ಏಳೆಂಟು ಕಿಲೋಮೀಟರ್ ಇತ್ತು.